ಕೆಂಪು ಚುಕ್ಕೆಯ ಚೆಂಡು

ಬಿರುಕಿನ ಅಂಚಿನಲ್ಲಿ ಚೆಂಡು ಬಿದ್ದಿತ್ತು. ಅದರ ಮೇಲೆ ಕೆಂಪು ಚುಕ್ಕೆ, ಚುಕ್ಕೆಯ ಪಕ್ಕದಲ್ಲಿ ಒಂದು ಕಪ್ಪು ಇರುವೆ. ನಾನು ಬಗ್ಗಿದೆ, ಇರುವೆಯನ್ನು ಊದಿದೆ, "ಸಿಕ್ತು" ಎಂದು ಕೂಗಿದೆ, ಕೋಲು ಬೀಸಿದೆ.

ಕಳೆದ ಜುಲೈ ತಿಂಗಳ ಕೊನೆಯ ಭಾನುವಾರದ ಬಗ್ಗೆ ನನಗೆ ನೆನಪಿರುವುದು ಇದು. ಆದರೆ ಮೊದಲ ಸಲ ಇದನ್ನು ಹೆಂಡತಿಗೆ ಹೇಳಿದಾಗ ಇರುವೆ ಇರಲಿಲ್ಲ. ಮೂರನೆಯ ಸಲವೋ ನಾಲ್ಕನೆಯ ಸಲವೋ ಹೇಳುವಾಗ ಅದು ಎಲ್ಲಿಂದಲೋ ಬಂದು ಚೆಂಡಿನ ಮೇಲೆ ಕೂತಿತು. ಈಗ ಓಡಿಸಿದರೂ ಹೋಗುತ್ತಿಲ್ಲ. ಇರುವೆಯನ್ನು ತೆಗೆದು ಬರೆದು ನೋಡಿದೆ. ಆಗ ಚೆಂಡೂ ಅಲುಗಾಡತೊಡಗಿತು. ಆದ್ದರಿಂದ ಇರುವೆ ಇರಲಿ; ಅದನ್ನು ನಂಬಬೇಡಿ.

ನಾನು ಜಮೀನು ಅಳೆಯುವ ಮೋಜಣಿ ಕೆಲಸದವನು. ಮನೆ ಸಿಂಧನೂರಿನಲ್ಲಿ, ಕಚೇರಿ ಲಿಂಗಸುಗೂರಿನಲ್ಲಿ. ವೃತ್ತಿಯಲ್ಲಿ ಹೆಚ್ಚಿನ ದಿನಗಳನ್ನು ಜಗಳದ ಹೊಲಗಳ ನಡುವೆ ನಿಂತು ಕಳೆದಿದ್ದೇನೆ. ಬಾಂದುಕಲ್ಲು, ಅಂದರೆ ಗಡಿಯ ಕಲ್ಲು, ಇದ್ದಲ್ಲಿ ಇಲ್ಲ ಎಂದು ಒಬ್ಬ ಅರ್ಜಿ ಹಾಕುತ್ತಾನೆ. ಇದ್ದಲ್ಲೇ ಇದೆ ಎಂದು ಪಕ್ಕದವನು ಆಣೆ ಮಾಡುತ್ತಾನೆ. ಇಬ್ಬರಿಗೂ ತಮ್ಮ ತಂದೆ ಆ ಕಲ್ಲಿನ ಮೇಲೆ ಕೂತು ಬುತ್ತಿ ಉಂಡದ್ದು ಕಣ್ಣಿಗೆ ಕಟ್ಟಿದಂತೆ ನೆನಪಿರುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ನಾನು ಹೇಳುತ್ತಿದ್ದುದು ಒಂದೇ ಮಾತು: "ನೆನಪು ಬ್ಯಾಡ್ರಿ, ಸರಪಳಿ ಹಿಡೀರಿ." ಆ ಮಾತನ್ನು ಎಷ್ಟು ಸೊಕ್ಕಿನಿಂದ ಹೇಳುತ್ತಿದ್ದೆ ಎನ್ನುವುದು ಈಗ ಅರ್ಥವಾಗುತ್ತಿದೆ.

ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಕಡೆ ಹುಡುಕಿದರೆ ಗಾಲ್ಫ್ ಆಡುವವರು ನನಗೆ ತಿಳಿದಂತೆ ಇಬ್ಬರು. ಒಬ್ಬ ನಾನು. ಇನ್ನೊಬ್ಬ ಮಸ್ಕಿಯ ರಸ್ತೆ ಬದಿಯಲ್ಲಿ ಟ್ರ್ಯಾಕ್ಟರ್ ರಿಪೇರಿಯ ಗ್ಯಾರೇಜು ಇಟ್ಟಿರುವ ಮಿಸ್ತ್ರಿ. ಅವನು ಬರುವುದಿಲ್ಲ ಎಂದರೆ ಆಟ ಇಲ್ಲ. ಆ ಭಾನುವಾರದಿಂದ ಅವನು ಬರುವುದಿಲ್ಲ ಎಂದಿದ್ದಾನೆ.

ಶುರುವಾದದ್ದು ಹೇಗೆ ಎನ್ನುವುದಕ್ಕೂ ಎರಡು ಕಥೆಗಳಿವೆ. ಕಚೇರಿಯ ಜೀಪು ಅವನ ಗ್ಯಾರೇಜಿನ ಮುಂದೆ ಕೆಟ್ಟು ನಿಂತಿತು ಎಂದು ನಾನು ಹೇಳುತ್ತೇನೆ. ಜೀಪಲ್ಲ, ಲೂನಾ, ಅದೂ ಕೆಟ್ಟಿರಲಿಲ್ಲ, ಪೆಟ್ರೋಲ್ ಖಾಲಿಯಾಗಿತ್ತು ಎಂದು ಅವನು ಹೇಳುತ್ತಾನೆ. ಗೋಡೆಯ ಮೊಳೆಯಿಂದ ಒಂದು ಗೋಣಿಚೀಲ ತೂಗುತ್ತಿತ್ತು, ಅದರಲ್ಲಿ ಏಳು ಹಳೆಯ ಕೋಲುಗಳಿದ್ದವು ಎನ್ನುವುದರಲ್ಲಿ ಇಬ್ಬರಿಗೂ ತಕರಾರಿಲ್ಲ. ಅವನ ತಂದೆ ಒಂದು ಕಾಲದಲ್ಲಿ ಗಣಿಯ ಅಧಿಕಾರಿಗಳ ಹಿಂದೆ ಕೋಲಿನ ಚೀಲ ಹೊತ್ತು ತಿರುಗಿದವರು. ಅಧಿಕಾರಿಗಳು ಹೋದ ಮೇಲೆ ಚೀಲ ಇವರ ಮನೆಯಲ್ಲೇ ಉಳಿಯಿತು. ಆರು ಕಬ್ಬಿಣದವು, ಒಂದು ಕಟ್ಟಿಗೆಯ ತಲೆಯದು. ಆ ಕಟ್ಟಿಗೆ ಕೋಲಿನ ಹಿಡಿಗೆ ತಂದೆಯ ಕೈ ಎಲ್ಲೆಲ್ಲಿ ತಾಗುತ್ತಿತ್ತೋ ಅಲ್ಲಲ್ಲಿ ಚರ್ಮ ಸವೆದು ನುಣುಪಾಗಿತ್ತು. ಮಿಸ್ತ್ರಿ ಉಳಿದವುಗಳಿಗೆ ಸೈಕಲ್ ಟ್ಯೂಬು ಸುತ್ತಿದ. ಅದನ್ನು ಮಾತ್ರ ಮುಟ್ಟಲಿಲ್ಲ.

ನಮ್ಮ ಮೈದಾನ ವಳಕಮದಿನ್ನಿಯಲ್ಲಿ ನನ್ನ ಹೆಂಡತಿಯ ತಮ್ಮನ ಗದ್ದೆ. ಎರಡನೆಯ ಬೆಳೆ ಕೊಯ್ದು ಮುಗಿದ ಮೇಲೆ, ಕಾಲುವೆಗೆ ಮತ್ತೆ ನೀರು ಬಿಡುವತನಕ, ಆ ಎರೆಭೂಮಿ ಒಣಗಿ ಬಾಯಿ ಬಿಟ್ಟುಕೊಂಡು ಮಲಗಿರುತ್ತದೆ. ಅಷ್ಟು ದಿನ ನಮ್ಮದು. ಅಂದರೆ ನಮ್ಮ ಆಟದ ಕಾಲ ಈ ಸೀಮೆಯಲ್ಲಿ ಮನುಷ್ಯರು ನೆರಳು ಬಿಟ್ಟು ಹೊರಬರದ ಕಾಲ. ಬೆಳಕು ಹರಿಯುತ್ತಲೇ ಶುರು ಮಾಡಿ ಎಂಟರೊಳಗೆ ಮುಗಿಸಬೇಕು. ಆರು ಕುಳಿ, ಎರಡು ಸುತ್ತು. ನಾಲ್ಕಿಂಚಿನ ಪೈಪಿನ ತುಂಡನ್ನು ನೆಲದಲ್ಲಿ ಹೂತರೆ ಕುಳಿ. ಅದರ ಸುತ್ತ, ರಾಶಿಗೆ ಕಣ ಮಾಡುವ ಹಾಗೆ, ನೆಲವನ್ನು ಬಡಿದು ಸಗಣಿ ಸಾರಿಸುತ್ತಿದ್ದೆವು. ಬೇರೆಯವರ ಗಾಲ್ಫಿನಲ್ಲಿ ಚೆಂಡು ಕೊನೆಗೆ ಹುಲ್ಲಿನ ಮೇಲೆ ಉರುಳುತ್ತದೆ, ನಮ್ಮದರಲ್ಲಿ ಕಣದ ಮೇಲೆ. ಜಾಲಿಕೋಲಿಗೆ ಗೊಬ್ಬರದ ಚೀಲದ ಚೂರು ಕಟ್ಟಿದರೆ ಧ್ವಜ.

ಕುರಿ ಮೇಯಿಸುವವರು ಬದುವಿನ ಮೇಲೆ ಕೂತು ನೋಡುತ್ತಿದ್ದರು. ಒಬ್ಬ ಇದನ್ನು ಚಿನ್ನಿದಾಂಡು ಎಂದೇ ತಿಳಿದು ಪ್ರತಿ ವರ್ಷ ತಪ್ಪದೆ ಕೇಳುತ್ತಿದ್ದ: "ಈ ಸಲಾನೂ ಚಿಣಿಪಣಿ ಶುರು ಮಾಡೀರೇನ್ರಿ ಅಜ್ಜಗೋಳು?"

ಮಿಸ್ತ್ರಿಯ ಉತ್ತರವೂ ಪ್ರತಿ ವರ್ಷದ್ದೇ: "ನಿನ್ನ ಟಗರು ನಮ್ಮ ಕುಣ್ಯಾಗ ಕಾಲಿಟ್ರ ಅದರ ಬಿರಿಯಾನಿ ನಂದು."

ಈ ಆಟದ ಸುಖ ಏನು ಎಂದು ನನ್ನ ಹೆಂಡತಿ ಕೇಳಿದ್ದಳು, ಬಿಸಿಲಿಗೆ ಸುಲಿದ ನನ್ನ ಕಿವಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಾ. ಸರಿಯಾದ ಉತ್ತರ ಕೊಡಲಿಲ್ಲ. ಇಲ್ಲಿ ಪ್ರಯತ್ನಿಸುತ್ತೇನೆ. ಹತ್ತು ಸಲ ಹೊಡೆದರೆ ಒಂಬತ್ತು ಸಲ ಕೈಗೆ ನೋವು ಬರುತ್ತದೆ. ಕೋಲು ಹೆಂಟೆಗೆ ಬಡಿಯುತ್ತದೆ, ಕೂಳೆಗೆ ಸಿಕ್ಕುತ್ತದೆ, ಚೆಂಡು ಕೈ ತಪ್ಪಿಸಿಕೊಂಡ ಕೋಳಿಯ ಹಾಗೆ ಅಡ್ಡಾದಿಡ್ಡಿ ಓಡುತ್ತದೆ. ಹತ್ತನೆಯ ಸಲ ಕೈಗೆ ಏನೂ ಗೊತ್ತಾಗುವುದಿಲ್ಲ. ಹೊಡೆದೆನೋ ಇಲ್ಲವೋ ಎಂದು ಅನುಮಾನ ಬರುವಷ್ಟು ಹಗುರ. ತಲೆ ಎತ್ತಿ ನೋಡಿದರೆ ಚೆಂಡು ಕಾಲುವೆಯ ಏರಿಯ ಮೇಲಿನ ಆಕಾಶದಲ್ಲಿ ನಿಂತಿರುತ್ತದೆ. ಆಗ ಪಕ್ಕದಲ್ಲಿ ಇನ್ನೊಬ್ಬ ಇದ್ದು "ಹೋತು" ಎನ್ನಬೇಕು. ಮಿಸ್ತ್ರಿ ಹಾಗೆ ಅನ್ನುತ್ತಿದ್ದ, ಮೆಲ್ಲಗೆ, ತನಗೆ ತಾನೇ ಎನ್ನುವಂತೆ. ಆ ಒಂದು ಶಬ್ದಕ್ಕಾಗಿ ನಾನು ಉಳಿದ ಒಂಬತ್ತು ಏಟುಗಳ ನೋವನ್ನು ತಿಂದಿದ್ದೇನೆ.

ನಮ್ಮ ದೊಡ್ಡ ಶತ್ರು ಬಿರುಕುಗಳು. ಮೇ ತಿಂಗಳಿಗೆ ಅವು ಅಂಗೈ ಅಗಲವಾಗಿ, ಕೆಲವು ತೋಳಿನಷ್ಟು ಆಳವಾಗಿ ಬಿಡುತ್ತವೆ. ಚೆಂಡು ಒಳಗೆ ಹೋದರೆ ಹೋದಂತೆಯೇ. ಅದಕ್ಕೆ ನಾವೊಂದು ಕಾಯಿದೆ ಮಾಡಿಕೊಂಡಿದ್ದೆವು. ಒಬ್ಬನ ಚೆಂಡು ಕಾಣೆಯಾದರೆ ಮಿಸ್ತ್ರಿ ಒಂದು ಬೀಡಿ ಹಚ್ಚುತ್ತಾನೆ. ಬೀಡಿ ಮುಗಿಯುವವರೆಗೆ ಹುಡುಕಬಹುದು. ಸಿಗದಿದ್ದರೆ ಮೊದಲು ಹೊಡೆದ ಜಾಗಕ್ಕೆ ಹಿಂತಿರುಗಿ ಮತ್ತೆ ಹೊಡೆಯಬೇಕು, ದಂಡ ಒಂದು ಏಟು. ನನ್ನ ಚೆಂಡುಗಳಿಗೆ ಕೆಂಪು ಚುಕ್ಕೆ, ಅವನವಕ್ಕೆ ನೀಲಿ. ತನ್ನ ಲೆಕ್ಕವನ್ನು ತಾನೇ ಹೇಳಬೇಕು, ಇನ್ನೊಬ್ಬ ಅದನ್ನು ಕೇಳಿ ಬರೆದುಕೊಳ್ಳಬೇಕು, ಮರುಪ್ರಶ್ನೆ ಇಲ್ಲ. ತೀರ್ಪು ಹೇಳುವ ಪಂಚರಿಲ್ಲದ ಆಟ ಇದೊಂದೇ ಎಂದು ಮಿಸ್ತ್ರಿ ಹೆಮ್ಮೆ ಪಡುತ್ತಿದ್ದ.

ಬೀಡಿಯ ಕಾಯಿದೆಯಲ್ಲಿ ಒಂದು ದೋಷವಿತ್ತು. ಬೀಡಿ ಸೇದುವವನು ನಿಂತೇ ಇರುತ್ತಾನೆ. ಅವನಿಗೆ ನೋಡುವುದು ಬಿಟ್ಟು ಬೇರೆ ಕೆಲಸವಿರುವುದಿಲ್ಲ.

ಪ್ರತಿ ಭಾನುವಾರ ಒಬ್ಬ ಗೆಲ್ಲುತ್ತಿದ್ದ. ನೀರು ಬಿಡುವ ಹೊತ್ತಿಗೆ ಹೆಚ್ಚು ಭಾನುವಾರ ಗೆದ್ದವನ ಮನೆಯಲ್ಲಿ ಮುಂದಿನ ಬೇಸಿಗೆಯವರೆಗೆ ಆ ಕಟ್ಟಿಗೆ ಕೋಲು ಇರಬೇಕು. ಅದು ಯಾವ ವರ್ಷವೂ ಮಸ್ಕಿ ಬಿಟ್ಟು ಬಂದಿರಲಿಲ್ಲ. ಈ ವರ್ಷ ನಾವು ಸಮಸಮ ಇದ್ದೆವು. ಆ ಭಾನುವಾರದ ಸಂಜೆ ಉಪಕಾಲುವೆಗೆ ನೀರು ಬರುತ್ತದೆ ಎಂದು ಹೆಂಡತಿಯ ತಮ್ಮ ಹಿಂದಿನ ದಿನವೇ ತಿಳಿಸಿದ್ದ. "ಮಾವ, ನಾಳೆ ನಿಮ್ಮ ಪೈಪು ಕಿತ್ಕೋರಿ, ಇಲ್ಲಂದ್ರ ಟ್ರ್ಯಾಕ್ಟರ್ ಹಲ್ಲಿಗೆ ಸಿಗ್ತಾವು" ಎಂದಿದ್ದ. ಹನ್ನೊಂದು ಕುಳಿ ಮುಗಿದಾಗಲೂ ಸಮ. ಕೊನೆಗೆ ಉಳಿದದ್ದು ಆರನೆಯ ಕುಳಿಯ ಎರಡನೆಯ ಸುತ್ತು.

ಮಿಸ್ತ್ರಿಯ ಚೆಂಡು ಎರಡೇ ಏಟಿಗೆ ಕಣ ಹತ್ತಿತು. ನನ್ನ ಎರಡನೆಯದು ಎಡಕ್ಕೆ ಹಾರಿ, ಬದುವಿನ ಕೆಳಗೆ ಬಿರುಕುಗಳ ನಡುವೆ ಕಣ್ಮರೆಯಾಯಿತು. ಅವನು ಬದುವಿನ ಮೇಲೆ ನಿಂತು ಬೀಡಿ ಹಚ್ಚಿದ. ನಾನು ಹುಡುಕಿದೆ. ಸೂರ್ಯ ಆಗಲೇ ಕಣ್ಣಿಗೆ ಹೊಡೆಯುತ್ತಿದ್ದ. ಬೀಡಿ ಅರ್ಧವಾಯಿತು, ಕಾಲಾಯಿತು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ಇದರಲ್ಲಿ ಸಂಶಯವಿಲ್ಲ. ಎದೆಗೆ ಸುಳ್ಳು ನೆನಪು ಇರುವುದಿಲ್ಲ ಎಂದುಕೊಂಡಿದ್ದೇನೆ, ಅದೂ ತಪ್ಪಿರಬಹುದು. ಆಮೇಲೆ ಬಿರುಕಿನ ಅಂಚು, ಕೆಂಪು ಚುಕ್ಕೆ. "ಸಿಕ್ತು."

ಮತ್ತು ಆ ಏಟು. ಅದು ನನ್ನ ಜೀವಮಾನದ ಏಟು. ಕೈಗೆ ಏನೂ ಗೊತ್ತಾಗಲಿಲ್ಲ. ಚೆಂಡು ಎದ್ದು, ಬದು ದಾಟಿ, ಕಣದ ಅಂಚಿಗೆ ಬಿದ್ದು, ಉರುಳಿ, ಕುಳಿಯಿಂದ ಒಂದು ಗೇಣು ದೂರದಲ್ಲಿ ನಿಂತಿತು. ತಿರುಗಿ ಮಿಸ್ತ್ರಿಯನ್ನು ನೋಡಿದೆ. ಅವನು "ಹೋತು" ಎನ್ನಲಿಲ್ಲ. ಬೀಡಿಯ ತುಂಡನ್ನು ಚಪ್ಪಲಿಯಿಂದ ಹೊಸಕುತ್ತಿದ್ದ.

ಅವನಿಗೆ ಇನ್ನೂ ಮೂರು ಏಟು ಬೇಕಾದವು, ನನಗೆ ಒಂದು ಸಾಕಾಯಿತು. ಕಣದ ಮೇಲೆ ಅಂಥ ತಪ್ಪು ಅವನು ಎಂದೂ ಮಾಡುತ್ತಿರಲಿಲ್ಲ. ನಾನು "ನಾಲ್ಕು" ಎಂದೆ. ಅವನು ಕಿಸೆಯಿಂದ ನೋಟ್‌ಬುಕ್ಕು ತೆಗೆದು, ಪೆನ್ಸಿಲ್ ಹಿಡಿದು, ಬರೆಯದೆ ಮುಚ್ಚಿಟ್ಟ. ಪೈಪುಗಳನ್ನು ಇಬ್ಬರೂ ಸೇರಿ ಕಿತ್ತೆವು. ಕಟ್ಟಿಗೆ ಕೋಲನ್ನು ಚೀಲದಿಂದ ತೆಗೆದು, ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟ. ಅವನ ಬೈಕಿನಲ್ಲಿ ಸಿಂಧನೂರಿಗೆ ಬಂದೆವು. ಬಸ್ ನಿಲ್ದಾಣದ ಹತ್ತಿರ ನಾನು ಇಳಿದ ಮೇಲೆ, ಗಾಡಿ ಬಂದ್ ಮಾಡದೆಯೇ ಹೇಳಿದ.

"ಸಾಹೇಬ, ಬೀಡಿ ಮುಗಿಯೋ ಹೊತ್ತಿಗೆ ನಿನ್ನ ಬಲಗೈ ಕಿಸೆದಾಗ ಹೋಗಿತ್ತು."

"ಬೆವರು ಒರಸ್ಕೊಳ್ಳಾಕ ಕರ್ಚೀಫು ತಗೊಂಡೆ."

"ಒರಸ್ಕೊಂಡಿದ್ದು ನೋಡ್ಲಿಲ್ಲ ನಾ."

"ಅಂದ್ರ ಏನಂತಿ?"

"ನಾ ಏನೂ ಅನ್ನಂಗಿಲ್ಲ. ನಾಲ್ಕು ಅಂತ ನೀ ಅಂದಿ. ಮುಂದಿನ ಬ್ಯಾಸಗಿಗೆ ಬ್ಯಾರೆ ಯಾರನ್ನಾರ ನೋಡ್ಕೋ."

ಬೇರೆ ಯಾರನ್ನು ನೋಡಲಿ? ಅದನ್ನು ಕೇಳುವ ಮೊದಲೇ ಅವನು ಹೋದ. ಆ ಸಂಜೆಯೇ ನೀರು ಬಂತು. ಬಿರುಕುಗಳು ಕುಡಿದವು, ಗುಳುಗುಳು ಎನ್ನುತ್ತಾ ಕುಡಿದವು, ಮಾರನೆಯ ದಿನ ಬಾಯಿ ಮುಚ್ಚಿಕೊಂಡವು. ಆ ಜಾಗವನ್ನು ಮತ್ತೊಮ್ಮೆ ನೋಡಬೇಕೆಂದು ಹೋದಾಗ ನೋಡಲು ಜಾಗವೇ ಉಳಿದಿರಲಿಲ್ಲ. ಒಂದು ಬೆಳ್ಳಕ್ಕಿ ನಿಂತಿತ್ತು, ಆರನೆಯ ಕುಳಿ ಇದ್ದಲ್ಲಿ ಇರಬಹುದು, ಇಲ್ಲದಿರಬಹುದು.

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸು ಮಸ್ಕಿಯಲ್ಲಿ ಅವನ ಗ್ಯಾರೇಜಿನ ಮುಂದೆಯೇ ಹಾಯುತ್ತದೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಕಿಟಕಿಯ ಪಕ್ಕದ ಸೀಟಿಗಾಗಿ ನಾನು ಕಾಲೇಜಿನವರ ಜೊತೆ ನೂಕಾಡತೊಡಗಿದೆ. ಟ್ರ್ಯಾಕ್ಟರಿನ ಅಡಿಯಿಂದ ಹೊರಚಾಚಿದ ಅವನ ಕಾಲುಗಳು ಕಾಣುತ್ತಿದ್ದವು. ಒಂದು ದಿನ ಅವನು ಕಬ್ಬಿಣದ ಕೋಲೊಂದರಿಂದ ಶಟರ್ ಮೇಲೆತ್ತುತ್ತಿದ್ದ. ಅದು ಅವನ ಪ್ರೀತಿಯ ಕೋಲು. ಅದರಿಂದ ಅವನು ಚೆಂಡನ್ನು ಕಾಲುವೆ ದಾಟಿಸುತ್ತಿದ್ದ. ಅದರ ತಲೆ ಶಟರಿನ ಬಳೆಗೆ ಸಿಕ್ಕು ಕಿರ್ ಎಂದದ್ದು ಬಸ್ಸಿನೊಳಗೆ ಕೇಳಿಸಿತು ಎಂದು ಬರೆಯಲು ಹೊರಟೆ. ಕೇಳಿಸಿರಲಾರದು. ಬಸ್ಸು ಓಡುತ್ತಿತ್ತು.

ಒಬ್ಬನೇ ಆಡಿ ನೋಡಿದೆ. ಕಚೇರಿಯ ಹಿಂದೆ ಒಂದು ಕಲ್ಲುಗುಂಡಿನ ಬಯಲಿದೆ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಮೂರು ಚೆಂಡು ಹೊಡೆದೆ. ಎರಡನೆಯದು ಚೆನ್ನಾಗಿ ಎದ್ದಿತು. ಕೈಗೆ ಏನೂ ಗೊತ್ತಾಗಲಿಲ್ಲ, ಕಿವಿಗೂ ಏನೂ ಬೀಳಲಿಲ್ಲ. ಚೆಂಡು ಎಲ್ಲೋ ಬಿತ್ತು. ನಾನೇ "ಹೋತು" ಎಂದುಕೊಂಡೆ. ನನ್ನ ದನಿ ಕೇಳಿ ನನಗೇ ಅಸಹ್ಯವಾಯಿತು. ಮೂರನ್ನೂ ಹುಡುಕದೆ ಬಂದೆ.

ಮೊದಲ ಸಲ ಗ್ಯಾರೇಜಿಗೆ ಹೋದಾಗ ವಾದ ಮಾಡಲು ಸಿದ್ಧನಾಗಿ ಹೋಗಿದ್ದೆ. ಕಾಗದದ ಮೇಲೆ ಆರನೆಯ ಕುಳಿಯ ನಕ್ಷೆ ಬರೆದುಕೊಂಡಿದ್ದೆ, ಅಳತೆಗೆ ತಕ್ಕಂತೆ: ಬದು, ಅವನು ನಿಂತ ಜಾಗ, ನಾನು ನಿಂತ ಜಾಗ, ಸೂರ್ಯನ ದಿಕ್ಕು. ಎದುರು ಬಿಸಿಲಿಗೆ ಅಷ್ಟು ದೂರದಿಂದ ಕೈ ಎಲ್ಲಿ ಹೋಯಿತು ಎಂದು ಕಾಣಲು ಸಾಧ್ಯವೇ ಇಲ್ಲ ಎಂದು ತೋರಿಸುವುದಿತ್ತು. ಅವನು ಗ್ರೀಸಿನ ಕೈ ಒರೆಸಿಕೊಂಡು ಕಾಗದವನ್ನು ಬೆಳಕಿಗೆ ಹಿಡಿದ.

"ಚಂದ ತೆಗದಿ ನಕ್ಷಾ," ಎಂದ. "ಇದರಾಗ ಕಿಸೆ ಎಲ್ಲೈತಿ?"

ನಾನು ಮಡಚಿಕೊಂಡು ಬಂದೆ.

ಮನೆಯಲ್ಲಿ ಇದನ್ನೆಲ್ಲ ಹೇಳುತ್ತಿದ್ದಾಗ ಹೆಂಡತಿ ಬಟ್ಟೆ ಮಡಿಸುತ್ತಿದ್ದಳು. ಕರ್ಚೀಫಿನ ಮಾತು ಬಂದಾಗ ಕೈ ನಿಲ್ಲಿಸಿದಳು.

"ಕರ್ಚೀಫ್ ಯಾವಾಗ ಒಯ್ದಿದ್ರಿ ನೀವು? ಹೊಲಕ್ಕ ಹೋಗಬೇಕಾದ್ರ ಹೆಗಲಿಗೆ ಟವಲ್ಲು ಹಾಕ್ಕೊಂಡು ಹೋಗ್ತೀರಿ. ಇಷ್ಟು ವರ್ಷದಾಗ ಭಾನುವಾರ ಕರ್ಚೀಫ್ ಒಗದೇ ಇಲ್ಲ ನಾನು."

ನಾನು ನಕ್ಕೆ. ಆಮೇಲೆ ನಗು ನಿಂತಿತು. ಅವಳ ಮಾತು ನಿಜ. ಬೆವರು ಒರೆಸಲು ಟವಲ್ಲು ಹೆಗಲ ಮೇಲೇ ಇತ್ತು. ಹಾಗಾದರೆ ಬಲಗೈ ಕಿಸೆಗೆ ಯಾಕೆ ಹೋಯಿತು? ನನ್ನ ಕಿಸೆಯಲ್ಲಿ ಪ್ರತಿ ಭಾನುವಾರ ಇರುತ್ತಿದ್ದುದು ಒಂದೇ: ಕೆಂಪು ಚುಕ್ಕೆಯ ಮಿಕ್ಕ ಚೆಂಡುಗಳು.

ಅಂದಿನಿಂದ ನಿದ್ದೆಯಲ್ಲಿ ಅಲ್ಲ, ಎಚ್ಚರದಲ್ಲಿ, ಅಳತೆಗೆಂದು ಯಾರದೋ ಹೊಲದಲ್ಲಿ ಸರಪಳಿ ಎಳೆಯುತ್ತಿರುವಾಗ, ನನಗೆ ಎರಡನೆಯ ನೆನಪೊಂದು ಬರತೊಡಗಿತು. ಅದರಲ್ಲಿ ನಾನು ಬಗ್ಗುತ್ತೇನೆ, ಕಿಸೆಯಿಂದ ಚೆಂಡು ಅಂಗೈಗೆ ಇಳಿಯುತ್ತದೆ, ಅಂಗೈಯಿಂದ ಬಿರುಕಿನ ಅಂಚಿಗೆ. ಇದೂ ಮೊದಲಿನದರಷ್ಟೇ ಸ್ಪಷ್ಟ. ಇದರಲ್ಲೂ ಇರುವೆ ಇದೆ. ಯಾವುದು ನಡೆದದ್ದು, ಯಾವುದು ಮಿಸ್ತ್ರಿಯ ಮಾತು ಕೇಳಿ ನಾನು ಕಟ್ಟಿಕೊಂಡದ್ದು? ಒಂದರ ಮೇಲೆ ಒಂದು ಇಟ್ಟು ನೋಡುತ್ತೇನೆ, ಎರಡು ಸಲ ಅಚ್ಚಾದ ನಕ್ಷೆಯ ಹಾಗೆ ಗೆರೆಗಳು ಜೋಡಿಯಾಗಿ ಕಾಣುತ್ತವೆ. ಬಾಂದುಕಲ್ಲಿನ ಮೇಲೆ ತಂದೆ ಕೂತು ಬುತ್ತಿ ಉಂಡದ್ದನ್ನು ಆಣೆ ಮಾಡಿ ಹೇಳುತ್ತಿದ್ದ ಆ ಮುದುಕರನ್ನೆಲ್ಲ ಹುಡುಕಿಕೊಂಡು ಹೋಗಿ ಕೈ ಹಿಡಿದುಕೊಳ್ಳಬೇಕು ಎನ್ನಿಸುತ್ತದೆ.

ಎರಡನೆಯ ಸಲ ಹೋದದ್ದು ಆಗಸ್ಟಿನ ಒಂದು ಮಧ್ಯಾಹ್ನ. ಇನ್ನು ತಡೆಯಲಾಗುವುದಿಲ್ಲ ಎನ್ನಿಸಿ ಮಸ್ಕಿಯಲ್ಲಿ ಇಳಿದುಬಿಟ್ಟೆ. ಮಿಸ್ತ್ರಿಗೆ ವಯಸ್ಸು ನನಗಿಂತ ಹೆಚ್ಚು. ಮೊಣಕಾಲು ಹಿಡಿದುಕೊಂಡಿದೆ. ಇನ್ನೆಷ್ಟು ಬೇಸಿಗೆ ಇಬ್ಬರೂ ಆ ಹೆಂಟೆಗಳ ಮೇಲೆ ನಡೆಯಬಲ್ಲೆವು? ಒಂದನ್ನು ಕಳೆದುಕೊಳ್ಳುವಷ್ಟು ನಮ್ಮ ಹತ್ತಿರ ಇಲ್ಲ.

"ಮಿಸ್ತ್ರಿ, ಕಬೂಲ್ ಮಾಡಾಕ ಬಂದೀನಿ," ಎಂದೆ. "ಕಿಸೆದಾಗಿಂದ ಬಿಟ್ಟೆ ಚೆಂಡು. ತಪ್ಪಾತು."

ಅವನು ಸ್ಪ್ಯಾನರು ಕೆಳಗಿಟ್ಟು ನನ್ನನ್ನೇ ನೋಡಿದ. "ಎಲ್ಲಿ ಬಿಟ್ಟಿ? ಬಿರುಕಿನ ಈಚಿ ಕಡಿಗೋ, ಆಚಿ ಕಡಿಗೋ?"

"ಈಚಿ ಕಡಿಗೆ." ಆಮೇಲೆ ಅನುಮಾನ ಬಂತು. "ಅಂದ್ರ, ಅಂಚಿನ ಮ್ಯಾಲೆ."

"ಯಾವ ಕೈಯಿಂದ?"

"ಬಲಗೈಯಿಂದ."

"ಹಂಗಾದ್ರ ಕೋಲು ಯಾವ ಕೈಯಾಗಿತ್ತು?"

ಕೋಲು ಯಾವ ಕೈಯಲ್ಲಿತ್ತು ಎನ್ನುವುದು ನನ್ನ ಎರಡೂ ನೆನಪಿನಲ್ಲಿ ಇರಲಿಲ್ಲ.

"ನಕ್ಕೋ ಸಾಹೇಬ, ಬ್ಯಾಡ," ಎಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. "ನಾ ಬರ್ಲಿ ಅಂತ ಕಬೂಲ್ ಮಾಡಾಕತ್ತಿ. ಅವತ್ತು ಒಂದು ಸುಳ್ಳು ಇತ್ತೋ ಇಲ್ಲೋ ನನಗ ಪಕ್ಕಾ ಗೊತ್ತಿಲ್ಲ. ಇವತ್ತಿಂದು ಮಾತ್ರ ಪಕ್ಕಾ ಸುಳ್ಳ. ಚಾ ಕುಡಿತಿ ಅಂದ್ರ ಕುಡಿ, ಇಲ್ಲಂದ್ರ ಬಸ್ ಬರೂ ಹೊತ್ತಾತು."

ಚಹಾ ಕುಡಿಯಲಿಲ್ಲ. ಬಸ್ಸೂ ಬರಲಿಲ್ಲ, ಮುಕ್ಕಾಲು ಗಂಟೆ. ರಸ್ತೆಯ ಈ ಬದಿಗೆ ನಾನು ನಿಂತಿದ್ದೆ, ಆ ಬದಿಗೆ ಅವನು ಕೆಲಸ ಮಾಡುತ್ತಿದ್ದ. ನಮ್ಮ ನಡುವೆ ಲಾರಿಗಳು ಓಡಾಡಿದವು. ಅಷ್ಟು ಹೊತ್ತಿನಲ್ಲಿ ಅವನು ಒಮ್ಮೆಯೂ ಬೀಡಿ ಹಚ್ಚಲಿಲ್ಲ ಎನ್ನುವುದನ್ನು ಮಾತ್ರ ಗಮನಿಸಿದೆ.

ನಾಟಿಯ ದಿನ ನಾನು ವಳಕಮದಿನ್ನಿಗೆ ಹೋದದ್ದು ಹೆಂಡತಿಯ ತಮ್ಮ ಊಟಕ್ಕೆ ಕರೆದಿದ್ದಕ್ಕೆ. ಹೆಂಗಸರು ಸಾಲಾಗಿ ಬಗ್ಗಿ ಸಸಿ ಹಚ್ಚುತ್ತಾ ಹಿಂದೆ ಹಿಂದೆ ಸರಿಯುತ್ತಿದ್ದರು. ನಾನು ಬದುವಿನ ಮೇಲೆ, ಮಿಸ್ತ್ರಿ ಅಂದು ನಿಂತಿದ್ದ ಕಡೆಗೆ, ಸುಮ್ಮನೆ ಕೂತಿದ್ದೆ. ಸಾಲಿನ ಕೊನೆಯ ಹೆಂಗಸು ಕೆಸರಿನೊಳಗೆ ಬೆರಳಾಡಿಸಿ, ಏನನ್ನೋ ಎತ್ತಿ, ಎಡಗೈಯ ಸಸಿಯ ಕಟ್ಟಿನ ನೀರಿನಿಂದ ತೊಳೆದಳು.

"ಯಣ್ಣಾ, ಇದು ನಿಮ್ದ ಇರಬೇಕು ನೋಡ್ರಿ. ನಾನು ಹಾವಿನ ತತ್ತಿ ಅಂದ್ಕೊಂಡು ಜೀವ ಹೋಗಿತ್ತು."

ಪಕ್ಕದವಳು ತಲೆ ಎತ್ತದೆಯೇ ಹೇಳಿದಳು: "ಹಾವಿನ ತತ್ತಿಗೆ ಕುಂಕುಮ ಹಚ್ಚಿರ್ತಾರೇನಬೇ?"

ಎಲ್ಲರೂ ನಕ್ಕರು. ನಾನು ಕೆಸರಿಗಿಳಿದು ಹೋಗಿ ಚೆಂಡನ್ನು ತೆಗೆದುಕೊಂಡೆ. ಕೆಂಪು ಚುಕ್ಕೆ ಮಾಸಿತ್ತು, ಆದರೆ ಇತ್ತು. ಬದುವಿನಿಂದ ಅಷ್ಟೇ ದೂರ, ಅದೇ ಕಡೆ. ಆ ಭಾನುವಾರ ಕಾಣೆಯಾದ ಚೆಂಡು ಇದೇ ಆಗಿದ್ದರೆ, ನಾನು ಹೊಡೆದದ್ದು ಬೇರೆ ಚೆಂಡು. ಹಾಗಾದರೆ ನಾನು ಕಳ್ಳ. ಮನಸ್ಸು ಒಂದು ಕ್ಷಣ ಎಷ್ಟು ಹಗುರಾಯಿತೆಂದರೆ, ಇದನ್ನು ಹೇಳಲು ನಾಚಿಕೆಯಾಗುತ್ತದೆ. ಕಳ್ಳನಾದರೆ ಆಗಲಿ, ಗೊತ್ತಾಯಿತಲ್ಲ.

ಆಮೇಲೆ ಚೆಂಡನ್ನು ತಿರುಗಿಸಿ ನೋಡಿದೆ. ಇಷ್ಟು ವರ್ಷಗಳಲ್ಲಿ ಆ ಬದುವಿನ ಕೆಳಗೆ ನಾನು ಕಳೆದುಕೊಂಡ ಚೆಂಡುಗಳಿಗೆ ಲೆಕ್ಕವಿಲ್ಲ. ಎಲ್ಲದಕ್ಕೂ ಕೆಂಪು ಚುಕ್ಕೆ. ಇದು ಹೋದ ತಿಂಗಳಿನದೂ ಇರಬಹುದು, ಹತ್ತು ವರ್ಷದ ಹಿಂದಿನದೂ ಇರಬಹುದು. ಟ್ರ್ಯಾಕ್ಟರಿನ ಗಾಲಿ ಕೆಸರು ಕಲಸುವಾಗ ಒಂದು ಮಡಿಯಿಂದ ಇನ್ನೊಂದಕ್ಕೆ ಬಂದದ್ದೂ ಇರಬಹುದು. ಸರಪಳಿ ಹಿಡಿಯಲು ಕಲ್ಲೇ ಇಲ್ಲ. ಊಟಕ್ಕೆ ಕರೆದಾಗ ನಾನು ಇನ್ನೂ ಮೊಣಕಾಲಿನವರೆಗೆ ಕೆಸರಿನಲ್ಲೇ ನಿಂತಿದ್ದೆ.

ಮಾರನೆಯ ದಿನ ಕಟ್ಟಿಗೆ ಕೋಲನ್ನು ತೆಗೆದುಕೊಂಡು ಬಸ್ಸು ಹತ್ತಿದೆ. ಕಂಡಕ್ಟರ್ ಅದನ್ನು ನೋಡಿ, "ಯಾರಿಗೆ ಹೊಡಿಯಾಕ ಹೊಂಟೀರಿ ಸರ, ಬೆಳಿಗ್ಗೆ ಬೆಳಿಗ್ಗೆ?" ಎಂದ. ಮಸ್ಕಿಯಲ್ಲಿ ಇಳಿದೆ. ಗ್ಯಾರೇಜಿನ ಮೇಜಿನ ಮೇಲೆ ನಟ್ಟು ಬೋಲ್ಟುಗಳನ್ನು ಸರಿಸಿ ಮೊದಲು ಕೋಲು ಇಟ್ಟೆ, ಅದರ ಪಕ್ಕ ಚೆಂಡು ಇಟ್ಟೆ.

ಮಿಸ್ತ್ರಿ ಚೆಂಡನ್ನು ಡೀಸೆಲ್ಲಿನಲ್ಲಿ ಅದ್ದಿ ಬಟ್ಟೆಯಿಂದ ಒರೆಸಿದ. ಚುಕ್ಕೆಯನ್ನು ಉಗುರಿನಿಂದ ಕೆರೆದ.

"ಎಲ್ಲಿ ಸಿಕ್ತು?"

"ಆರನೇ ಕುಣಿ ಕಡಿಗೆ. ಬದುವಿನ ಕೆಳಗ. ನೆಲ್ಲು ಹಚ್ಚಾಕತ್ತಿದ್ರು."

"ಅವತ್ತಿಂದೇನು?"

"ಗೊತ್ತಿಲ್ಲ."

ಅವನು ಕಾದ. ಇನ್ನೂ ಏನಾದರೂ ಹೇಳುತ್ತೇನೆ ಎಂದುಕೊಂಡಿರಬೇಕು. ನಾನು ಹೇಳಿದೆ: "ಕಿಸೆದಾಗ ಕೈ ಹಾಕಿದ್ದು ಖರೇ. ನನ್ನ ಹತ್ರ ಕರ್ಚೀಫ್ ಇರ್ಲಿಲ್ಲ, ಅದೂ ಖರೇ. ಯಾಕ ಹಾಕಿದೆ ಗೊತ್ತಿಲ್ಲ. ಚೆಂಡು ಅಂಚಿನ ಮ್ಯಾಲೆ ಬಿದ್ದಿದ್ದು ನನಗ ಕಾಣಸ್ತೈತಿ. ನಾ ಇಟ್ಟಿದ್ದೂ ಕಾಣಸ್ತೈತಿ. ಎರಡರಾಗ ಯಾವುದು ಅಂತ ಗೊತ್ತಿಲ್ಲ ಮಿಸ್ತ್ರಿ. ಇನ್ನ ಗೊತ್ತಾಗಂಗೂ ಕಾಣವಲ್ದು."

ಅವನು ಮೇಜಿನ ಖಾನೆ ಎಳೆದು ನೋಟ್‌ಬುಕ್ಕು ತೆಗೆದ. ಆ ಭಾನುವಾರದ ಸಾಲಿನಲ್ಲಿ ಹನ್ನೊಂದು ಅಂಕಿಗಳಿದ್ದವು. ಹನ್ನೆರಡನೆಯದು ಖಾಲಿ. ಪೆನ್ಸಿಲನ್ನು ನನ್ನ ಮುಂದೆ ಇಟ್ಟ. "ಬರಿ."

ನಾನು ಪೆನ್ಸಿಲ್ ಹಿಡಿದೆ. ಸೋಲಿನ ಅಂಕಿಯನ್ನೇ ಬರೆದುಬಿಡೋಣ ಎಂದು ಕೈ ಹೋಯಿತು. ಅದು ಉದಾರವಾಗಿ ಕಾಣುತ್ತಿತ್ತು. ಅದೂ ಮತ್ತೊಂದು ಕರ್ಚೀಫು ಎನ್ನಿಸಿ ಕೈ ನಿಂತಿತು. ಪೆನ್ಸಿಲನ್ನು ಹಾಗೆಯೇ ಹಿಂದಕ್ಕಿಟ್ಟೆ. ಮಿಸ್ತ್ರಿ ತಲೆ ಅಲುಗಾಡಿಸಿದ, ಒಪ್ಪಿಗೆಯೋ ಬೇಸರವೋ ಹೇಳಲಾರೆ. ನೋಟ್‌ಬುಕ್ಕು ಮುಚ್ಚಿ, ಚೆಂಡಿನ ಜೊತೆಗೆ ಖಾನೆಯೊಳಗೆ ಹಾಕಿ ತಳ್ಳಿದ.

"ಈ ಕೋಲು?" ಎಂದೆ.

"ಗೆದ್ದವರ ಮನ್ಯಾಗ ಇರಬೇಕು. ಯಾರು ಗೆದ್ದಾರ?"

"ಗೊತ್ತಿಲ್ಲ ಅಂದ್ನೆಲ್ಲ."

"ಹಂಗಾದ್ರ ಬಸ್ಸಿನಾಗ ಇಡು," ಎಂದ ಮಿಸ್ತ್ರಿ. "ನನ್ನ ಮುಂದ ದಿನಾ ಎರಡು ಸಲ ಹಾದು ಹೋಗ್ಲಿ, ನಿನ್ನಂಗ. ಕಿಟಕ್ಯಾಗ ಮಾರಿ ಇಟ್ಕೊಂಡು."

ನನ್ನನ್ನು ಅ‍ವನು ನೋಡಿದ್ದ. ಇಷ್ಟು ದಿನವೂ, ಟ್ರ್ಯಾಕ್ಟರಿನ ಅಡಿಯಿಂದ. ನಾನು ಮೇಜಿನ ಮೇಲಿನ ಕೋಲನ್ನು ಎತ್ತಿಕೊಂಡೆ. "ಬ್ಯಾಸಗಿಗೆ ಬರ್ತಿಯೇನು?" ಎಂದು ಕೇಳಿಯೇಬಿಟ್ಟೆ.

"ಮೊದಲು ನೆಲ್ಲು ಕೊಯ್ಲಿ," ಎಂದು ಹೇಳಿ, ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಬಗ್ಗಿ, ಮತ್ತೆ ಗಾಡಿಯ ಅಡಿಗೆ ಸರಿದ.

ಕೊಯ್ಲು ಎಂದರೆ ಮೊದಲನೆಯ ಬೆಳೆಯೋ ಎರಡನೆಯದೋ, ನಾನು ಕೇಳಲಿಲ್ಲ. ಕೋಲನ್ನು ಸಿಂಧನೂರಿಗೆ ಒಯ್ಯಲು ಮನಸ್ಸಾಗಲಿಲ್ಲ, ಮಸ್ಕಿಯಲ್ಲಿ ಬಿಡಲು ಅವನು ಬಿಡಲಿಲ್ಲ. ಅದು ಈಗ ಲಿಂಗಸುಗೂರಿನ ಕಚೇರಿಯ ಮೂಲೆಯಲ್ಲಿ, ಅಳತೆಯ ಸರಪಳಿಯ ಪಕ್ಕ ನಿಂತಿದೆ. ಗಡಿ ತಕರಾರಿಗೆ ಬಂದವರು ಅದನ್ನು ದಿಟ್ಟಿಸಿ, ಇದರಿಂದ ಏನು ಅಳೀತೀರಿ ಎಂದು ಕೇಳುತ್ತಾರೆ. ಸಂಜೆಯ ಬಸ್ಸಿನಲ್ಲಿ ನಾನು ಈಗಲೂ ಗ್ಯಾರೇಜಿನ ಕಡೆಯ ಕಿಟಕಿಗೇ ಕೂರುತ್ತೇನೆ. ನಿನ್ನೆ ಅವನು ಶಟರ್ ಎಳೆಯುತ್ತಿದ್ದ, ಆ ಕಬ್ಬಿಣದ ಕೋಲಿನಿಂದಲೇ. ಬಸ್ಸಿನ ಕಡೆ ತಿರುಗಲಿಲ್ಲ.